ತೋಟದಲ್ಲಿ ರಕ್ತದ ಜಾಡಿದೆ, ಕಡವೆ ಕಾಣಿಸ್ತಿಲ್ಲ. ಹಿಂದೆ ಹೋಗೋದಾ ಬೇಡ್ವಾ?

ಬಾಳೂರು ರೋಬಸ್ಟಾ
ಬೆಳಿಗ್ಗೆ 8:20

ಎಲ್ರಿಗೂ ನಮಸ್ಕಾರ. ಸ್ವಲ್ಪ ತುರ್ತು. ಉದ್ದ ಆದ್ರೆ ಬೈಕೋಬೇಡಿ.

ಮೂಡಿಗೆರೆ ತಾಲ್ಲೂಕು ಬಾಳೂರು ಕಡೆ ನಮ್ಮದು ಹನ್ನೊಂದು ಎಕರೆ ತೋಟ, ಕೆಳಗಡೆ ಒಂಚೂರು ಗದ್ದೆ. ಅಪ್ಪ ಹೋದ್ಮೇಲೆ ಬೆಂಗಳೂರಿನ ಕೆಲಸ ಬಿಟ್ಟು ಬಂದು ಮೂರು ವರ್ಷ ಆಯ್ತು. ಕಾಫಿ ಅಷ್ಟೋ ಇಷ್ಟೋ ಕಲಿತೆ, ಕಾಡಿನ ವಿಚಾರದಲ್ಲಿ ಇನ್ನೂ ಸೊನ್ನೆ.

ನಿನ್ನೆ ರಾತ್ರಿ ಹನ್ನೊಂದೂವರೆ ಹೊತ್ತಿಗೆ ಎರಡು ಸಲ ಡಂ ಅಂತು. ದೀಪಾವಳಿ ಮುಗಿದು ಎರಡೇ ದಿನ, ಲೈನ್ ಮನೆ (ಆಳುಗಳ ಮನೆ ಸಾಲು) ಹುಡುಗರು ಉಳಿದ ಪಟಾಕಿ ಖಾಲಿ ಮಾಡ್ತಿದ್ದಾರೆ ಅಂತ ಮಗ್ಗುಲು ಬದಲಾಯಿಸಿದೆ. ನಮ್ಮ ನಾಯಿ ಕರಿಯ ಮಾತ್ರ ಜೀಪಿನಡಿ ಸೇರ್ಕೊಂಡವನು ಬೆಳಗಿನ ತನಕ ಹೊರಗೆ ಬರ್ಲಿಲ್ಲ. ಹಬ್ಬದ ಮೂರು ದಿನ ಪಟಾಕಿ ಹೊಡೆದಾಗ ಇಲ್ಲದ ಹೆದರಿಕೆ ಈಗೆಂತಕ್ಕೆ ಅಂತ ಆಗ್ಲೇ ಯೋಚನೆ ಮಾಡ್ಬೇಕಿತ್ತು.

ಬೆಳಿಗ್ಗೆ ಆರೂವರೆಗೆ ಗದ್ದೆಗೆ ಹಂದಿ ಬಂದಿತ್ತೇನೋ ಅಂತ ನೋಡೋಕೆ ಹೋದೆ. ಕಾಡಿನ ಬದಿಯ ತಂತಿ ಬೇಲಿ ಜಗ್ಗಿ ಒಂದು ಗೂಟ ಓರೆಯಾಗಿದೆ. ತಂತಿಗೆ ಕಂದು ಬಣ್ಣದ ಒರಟು ಕೂದಲು. ಈಚೆ ಬಂದ್ರೆ ಕಾಫಿ ಎಲೆ ಮೇಲೆ ರಕ್ತ. ಒಂದು ಅರವತ್ತು ಹೆಜ್ಜೆ ಹಿಂದೆ ಹೋದೆ, ಹಳ್ಳದ ಹತ್ರ ಜಾಡು ನಿಂತುಹೋಯ್ತು. ಮೆದು ಮಣ್ಣಲ್ಲಿ ಗೊರಸು ಬಿದ್ದಿದೆ, ಹೋರಿ ಕರುವಿನದಷ್ಟು ದೊಡ್ಡದು. ನಮ್ಮ ತೋಟದ ಲೆಕ್ಕ ನೋಡೋ ರೈಟರು ನೋಡಿ ಕಡವೆನೇ ಅಂದ್ರು.

ಕೇಳೋದು ಇಷ್ಟು. ಇದು ಬದುಕಿರುತ್ತಾ? ಈಗ್ಲೇ ಹಿಂದೆ ಹೋಗ್ಲಾ? ಒಂಬತ್ತಕ್ಕೆ ಆಳುಗಳು ಬರ್ತಾರೆ, ಅಷ್ಟರಲ್ಲಿ ಹುಡುಕದಿದ್ರೆ ತುಳಿದು ಎಲ್ಲ ಅಳಿಸಿ ಹಾಕ್ತಾರೆ. ಇನ್ನೊಂದು, ಹೇಳೋಕೆ ನಾಚಿಕೆ ಆಗುತ್ತೆ: ಫಾರೆಸ್ಟಿನವರಿಗೆ ಫೋನ್ ಮಾಡಿದ್ರೆ ನಿಮ್ಮ ತೋಟದಲ್ಲೇ ಹೊಡೆದಿದ್ದು ಅಂತ ನನ್ನ ತಲೆಗೇ ಕಟ್ತಾರಾ?


ಕಳಸದ ಹುಡುಗಿ
ಬೆಳಿಗ್ಗೆ 8:31

ಮೊದ್ಲು 1926ಕ್ಕೆ ಫೋನ್ ಮಾಡಿ, ಆಮೇಲೆ ಇಲ್ಲಿ ಬರೀರಿ! ಅರಣ್ಯ ಇಲಾಖೆ ಸಹಾಯವಾಣಿ ಅದು. ಹೇಳದೆ ಕೂತ್ರೇನೇ ಅನುಮಾನ ಬರೋದು. ಹೊಡೆದವನು ಫೋನ್ ಮಾಡ್ತಾನಾ?


ಸೀಗೆಪುಡಿ
ಬೆಳಿಗ್ಗೆ 8:44

ಸತ್ತು ಬಿದ್ದಿದ್ರೆ ಒಂದು ತೊಡೆ ಈ ಕಡೆ ಕಳ್ಸಿ ಸ್ವಾಮಿ 😄


ಹೆತ್ತೂರು ಅಜ್ಜ
ಬೆಳಿಗ್ಗೆ 9:05

ಸೀಗೆಪುಡಿ ಅವ್ರೇ, ನಗೋ ವಿಷಯ ಅಲ್ಲ ಇದು. ಹಿಂದೆ ಹೀಗೇ ತಮಾಷೆಗೆ ಶುರುವಾಗಿ ಜೈಲಲ್ಲಿ ಮುಗಿದಿದ್ದು ನಮ್ಮೂರಲ್ಲಿದೆ.

ತಮ್ಮಾ ಬಾಳೂರಿನವನೇ, ನಿಂತಲ್ಲೇ ನಿಲ್ಲು. ಆಳುಗಳನ್ನ ಇವತ್ತು ಆ ಪಟ್ಟೆಗೆ ಬಿಡ್ಬೇಡ, ಮೇಲಿನ ತೋಟಕ್ಕೆ ಕಳೆ ತೆಗೆಯೋಕೆ ಕಳ್ಸು. ನಾಯಿ ಕಟ್ಹಾಕು. ನಾನು ಸಕಲೇಶಪುರದ ಕಡೆಯವನು, ವಯಸ್ಸು ಎಪ್ಪತ್ತೆಂಟು. 1972ರ ಕಾನೂನು ಬರೋಕೆ ಮುಂಚೆ ನಮ್ಮ ದೊಡ್ಡಪ್ಪನ ಜೊತೆ ಸೋವಿಗೆ, ಅಂದ್ರೆ ಗುಂಪು ಕಟ್ಕೊಂಡು ಕಾಡು ಸೋಸಿ ಮಾಡೋ ಬೇಟೆಗೆ, ಹೋಗ್ತಿದ್ದೆ. ಕೋವಿ ಹಿಡಿಯೋರು ಬೇರೆ, ಈಡು ತಾಗಿ ಓಡಿದ್ದನ್ನ ಹುಡುಕೋ ಕೆಲಸ ನನ್ನ ಪಾಲಿಗೆ ಇತ್ತು. ಹಾಗಾಗಿ ಹೊಡೆಯೋದು ಗೊತ್ತಿಲ್ಲ ನಂಗೆ, ಹುಡುಕೋದು ಗೊತ್ತು.

ಮೊದಲನೇದು ರಕ್ತದ ಬಣ್ಣ ನೋಡು. ಗುಲಾಬಿ ಬಣ್ಣಕ್ಕೆ ನೊರೆ ನೊರೆಯಾಗಿ ಗುಳ್ಳೆ ಇದ್ರೆ ಶ್ವಾಸಕೋಶಕ್ಕೆ ತಾಗಿದೆ, ಅಂಥದ್ದು ದೂರ ಹೋಗಲ್ಲ, ಇಷ್ಟು ಹೊತ್ತಿಗೆ ಮುಗಿದಿರುತ್ತೆ. ಹಳೇ ಜೋನಿಬೆಲ್ಲದ ಹಾಗೆ ಕಪ್ಪುಗೆಂಪು ಇದ್ರೆ ಪಿತ್ತಜನಕಾಂಗ. ನೀರು ನೀರಾಗಿ, ಹಸಿರು ಚರಟ ಸೇರಿ, ಮೂಸಿದ್ರೆ ಕೊಟ್ಟಿಗೆ ವಾಸನೆ ಬಂದ್ರೆ ಹೊಟ್ಟೆಗೆ ತಾಗಿದೆ. ಅದರಷ್ಟು ಕೆಟ್ಟದ್ದು ಬೇರೆ ಇಲ್ಲ, ನರಳಿ ನರಳಿ ಸಾಯೋಕೆ ಒಂದು ದಿನವೂ ಹಿಡೀಬಹುದು. ಬರೀ ಕೆಂಪು, ಗುಳ್ಳೆ ಇಲ್ಲ, ಮೊದಲು ಧಾರಾಳ ಆಮೇಲೆ ಕಮ್ಮಿ ಕಮ್ಮಿ ಆಗ್ತಾ ಹೋದ್ರೆ ಮಾಂಸಕ್ಕೋ ಕಾಲಿಗೋ.

ಎರಡನೇದು ರಕ್ತ ಎಷ್ಟು ಎತ್ತರದಲ್ಲಿದೆ, ಯಾವ ಬದಿಯಲ್ಲಿದೆ. ಗಿಡದ ಮೇಲೆ ನಿನ್ನ ಸೊಂಟದ ಮಟ್ಟಕ್ಕೆ ಒರೆಸಿದ್ರೆ ಮೈಗೆ. ಮೊಣಕಾಲಿಗಿಂತ ಕೆಳಗೆ ಮಾತ್ರ ಇದ್ರೆ ಕಾಲಿಗೆ. ಎರಡೂ ಬದಿ ಇದ್ರೆ ಗುಂಡು ಆಚೆ ಹೊರಟುಹೋಗಿದೆ. ಹನಿ ಬಿದ್ದಾಗ ಒಂದು ಕಡೆ ಬಾಲ ಎಳೆದಿರುತ್ತಲ್ಲ, ಅದು ಹೋದ ದಿಕ್ಕು ಹೇಳುತ್ತೆ. ರಕ್ತ ಕಮ್ಮಿ ಅಂತ ಗಾಯ ಸಣ್ಣದು ಅಂದ್ಕೋಬೇಡ. ಬೆನ್ನಿನ ಕಡೆಯಿಂದ ತಾಗಿದ್ರೆ ಒಳಗೇ ತುಂಬ್ಕೊಂಡು ನೆಲಕ್ಕೆ ಬೀಳೋಕೆ ಬಹಳ ಹೊತ್ತಾಗುತ್ತೆ.

ಈಗ ಮುಖ್ಯದ್ದು. ತಾಗಿದ ಮಿಕ ಹಿಂದೆ ಯಾರೂ ಬರ್ತಿಲ್ಲ ಅಂತ ಗೊತ್ತಾದ್ರೆ ಹತ್ರದಲ್ಲೇ ದಟ್ಟ ಪೊದೆ ನೋಡಿ ಮಲಗುತ್ತೆ. ಮಲಗಿದ್ದನ್ನ ಒಂದು ಸಲ ಎಬ್ಬಿಸಿದ್ಯೋ, ಮುಗೀತು, ಎರಡು ಗುಡ್ಡ ದಾಟಿಸುತ್ತೆ ನಿನ್ನ. ನಮ್ಮ ದೊಡ್ಡಪ್ಪನ ಆತುರಕ್ಕೆ ಹಾಗೆ ಒಂದು ಕಡವೆ ಕಳ್ಕೊಂಡಿದ್ದೆವು. ಈಡು ಬಿದ್ದು ಒಂದು ಬೀಡಿ ಸೇದೋಷ್ಟು ಹೊತ್ತೂ ತಡೀಲಿಲ್ಲ ಅವ್ರು. ಬಿಸಿಲೆ ಕಡೆಗೆ ಅಟ್ಟಿಕೊಂಡು ಹೋಗಿ ಕತ್ತಲಾಯ್ತು. ಮೂರನೇ ದಿನ ಕಾಗೆ ಕೂಗಿದ ಕಡೆ ಹೋದ್ರೆ ಹಳ್ಳದಲ್ಲಿ ಬಿದ್ದಿತ್ತು, ಯಾರಿಗೂ ಇಲ್ಲ. ಹೊಟ್ಟೆಗೆ ತಾಗಿದ್ದು. ಅರ್ಧ ದಿನ ಬಿಟ್ಟಿದ್ರೆ ಮೊದಲು ಮಲಗಿದ ಜಾಗದಲ್ಲೇ ಇರ್ತಿತ್ತು. ಇದನ್ನ ಹೇಳೋಕೆ ಹೆಮ್ಮೆ ಏನಿಲ್ಲ.

ಇನ್ನೊಂದು. ನೀನು ನೋಡಿದ ಕೆಂಪೆಲ್ಲ ರಕ್ತನಾ ಅಂತ ಖಾತ್ರಿ ಮಾಡ್ಕೋ. ಎಲೆಅಡಿಕೆ ಉಗುಳಿದ್ದನ್ನ ಹಿಡ್ಕೊಂಡು ಅರ್ಧ ಫರ್ಲಾಂಗು ಹೋದವರನ್ನ ನಾನು ನೋಡಿದೀನಿ. ಅದಕ್ಕಿಂತ ಹೆಚ್ಚಾಗಿ ಉಂಬಳ, ಅದೇ ಕಾಡಿನ ಜಿಗಣೆ. ಮಳೆಗಾಲದಲ್ಲಿ ಒಂದು ಸಲ ಹನಿ ಸಿಗ್ತಾ ಇದೆ, ಸಿಗ್ತಾ ಇದೆ ಅಂತ ಖುಷೀಲಿ ಪೊದೆ ಸುತ್ತಿ ಸುತ್ತಿ ನೋಡ್ತೀನಿ, ನನ್ನ ಮೀನಖಂಡದಿಂದ್ಲೇ ಸೋರ್ತಾ ಇತ್ತು. ಉಂಬಳ ಕಚ್ಚಿದ ಗಾಯ ಬೇಗ ಹೆಪ್ಪುಗಟ್ಟಲ್ಲ ನೋಡು. ದೊಡ್ಡಪ್ಪ ಸಾಯೋ ತನಕ ಅದನ್ನ ಹೇಳಿ ನಗ್ತಿದ್ರು.

ಬಣ್ಣ ಏನು, ಎತ್ತರ ಏನು, ನೋಡಿ ಬರಿ. ಫಾರೆಸ್ಟಿಗೆ ಫೋನ್ ಮಾಡು. ಆ ಹುಡುಗಿ ಹೇಳಿದ್ದು ಸರಿ.


ಬಾಳೂರು ರೋಬಸ್ಟಾ
ಬೆಳಿಗ್ಗೆ 10:10

ಅಜ್ಜಾ, ತುಂಬಾ ಉಪಕಾರ. ಫೋನ್ ಮಾಡಿದೆ. ನಮ್ಮ ಕಡೆಯ ಗಾರ್ಡ್ ಆನೆ ಓಡಿಸೋಕೆ ಹೋಗಿದ್ದಾರಂತೆ, ಮಧ್ಯಾಹ್ನದೊಳಗೆ ಬರ್ತೀವಿ, ಜಾಡು ತುಳೀಬೇಡಿ ಅಂದ್ರು. ನೀವು ಹೇಳಿದ್ದೇ ಅವರೂ ಹೇಳಿದ್ದು.

ನೋಡಿದೆ. ಕಡುಗೆಂಪು ಅಲ್ಲ, ಒಳ್ಳೆ ಕೆಂಪು. ಗುಳ್ಳೆ ಇಲ್ಲ, ವಾಸನೆ ಇಲ್ಲ. ಎಲ್ಲಾ ಎಡಬದಿಯಲ್ಲೇ, ಮೊಣಕಾಲಿಗಿಂತ ಕೆಳಗೆ. ಬೇಲಿ ಹತ್ರ ಜಾಸ್ತಿ, ಹಳ್ಳದ ಹತ್ರ ಬರ್ತಾ ಐದಾರು ಹೆಜ್ಜೆಗೆ ಒಂದು ಹನಿ. ಮಳೆನೀರು ಇಂಗೋಕೆ ತೋಡಿದ ತೊಟ್ಟಿಲು ಗುಂಡಿ ಪಕ್ಕದ ಹಸಿ ಮಣ್ಣಲ್ಲಿ ಮೂರು ಗೊರಸು ಚೆನ್ನಾಗಿ ಮೂಡಿದೆ, ನಾಲ್ಕನೇದರ ಜಾಗದಲ್ಲಿ ಒಂದು ಗೇಣುದ್ದ ಎಳೆದ ಗೀರು. ಬೇಲಿ ಬುಡದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಚೂರು ಎರಡು ಸಿಕ್ತು, ಕಲ್ಲಲ್ಲ.

ಬೇಲಿಯಾಚೆ ಕೋವಿಯ ಒಂದು ಖಾಲಿ ತೋಟೆನೂ ಬಿದ್ದಿದೆ. ಎತ್ತಿಲ್ಲ.


ಹೆತ್ತೂರು ಅಜ್ಜ
ಬೆಳಿಗ್ಗೆ 10:22

ಮೂಳೆ ಚೂರು ಅದು. ಮುಂಗಾಲೋ ಹಿಂಗಾಲೋ ಮುರಿದಿದೆ. ಹಂದಿಗೆ ಅಂತ ಕಾದವರು ಕತ್ತಲಲ್ಲಿ ಎಲ್.ಜಿ. ತೋಟೆ (ಒಂದರಲ್ಲೇ ಹಲವು ದಪ್ಪ ಗುಂಡು ಇರೋದು) ಹಾರಿಸಿದಾರೆ, ಒಂದು ಗುಂಡು ಕೆಳಗೆ ತಾಗಿದೆ ಅಂತ ನನ್ನ ಲೆಕ್ಕ. ಹಂದಿಗಲ್ಲ ಅಂತಾನೇ ಇಟ್ಕೋ, ವ್ಯತ್ಯಾಸ ಏನಿಲ್ಲ.

ಇಲ್ಲಿ ನಾನು ಮೇಲೆ ಹೇಳಿದ್ದಕ್ಕೆ ಒಂದು ತಿದ್ದುಪಡಿ. ಕಾಲಿಗೆ ತಾಗಿದ್ದನ್ನ ಹಳೇ ಶಿಕಾರಿಯವರು ಕಾಯ್ತಿರ್ಲಿಲ್ಲ, ಕೂಡ್ಲೇ ಅಟ್ತಿದ್ರು. ಓಡ್ತಾ ಇದ್ರೆ ರಕ್ತ ಹರೀತಾ ಇರುತ್ತೆ, ಸುಸ್ತಾಗುತ್ತೆ, ಮಲಗೋಕೆ ಬಿಟ್ರೆ ಹೆಪ್ಪುಗಟ್ಟಿ ಜಾಡು ತಪ್ಪುತ್ತೆ ಅಂತ. ಅದು ಕೊಲ್ಲೋರ ಲೆಕ್ಕ. ನಿಂಗೆ ಬೇಕಾಗಿರೋದು ಅದು ಬದುಕೋದು, ಹಾಗಾಗಿ ಉಲ್ಟಾ ಮಾಡು. ಹೆಪ್ಪುಗಟ್ಲಿ, ಮಲಗ್ಲಿ. ಜಾಡು ತಪ್ಪಿದ್ರೆ ತಪ್ಪಲಿ.

ನೀರಿನ ಕಡೆ ಮಾತ್ರ ದೂರದಿಂದ ಒಂದು ಕಣ್ಣಿಡು. ಸೀಳುನಾಯಿ ಅಟ್ಟಿಸಿಕೊಂಡು ಬಂದ್ರೆ ಕಡವೆ ಹೋಗಿ ನೀರಲ್ಲಿ ನಿಲ್ಲೋದು. ಗಾಯ ಆದದ್ದೆಲ್ಲ ನೀರಿಗೇ ಹೋಗುತ್ತೆ ಅಂತ ಹೇಳೋರಿದ್ದಾರೆ, ಅಷ್ಟೆಲ್ಲ ನಂಬಬೇಡ. ಆದ್ರೆ ಕಡವೆಗೆ ನೀರು ತವರುಮನೆ.


ದನದ ಡಾಕ್ಟ್ರು, ಹಾಸನ
ಬೆಳಿಗ್ಗೆ 10:40

ನಾನು ಪಶುವೈದ್ಯ. ಕಾಡುಪ್ರಾಣಿ ನನ್ನ ದಿನದ ಕೆಲಸವಲ್ಲ, ಆದರೆ ಬಾವಿಗೆ ಬಿದ್ದ, ವಾಹನಕ್ಕೆ ಸಿಕ್ಕ ಜಿಂಕೆ, ಕಡವೆಗಳಿಗೆ ಇಲಾಖೆಯವರು ಕರೆದಾಗ ಹೋಗಿದ್ದೇನೆ.

ಅಜ್ಜ ಅನುಭವದಿಂದ ಹೇಳಿದ್ದಕ್ಕೆ ವೈದ್ಯಕೀಯ ಕಾರಣವೂ ಇದೆ. ಜಿಂಕೆ ಜಾತಿಯ ಪ್ರಾಣಿ ಗಾಯಕ್ಕಲ್ಲದೆ ಹೆದರಿಕೆಗೂ ಸಾಯುವುದುಂಟು. ಅಟ್ಟಿದಾಗ, ಹಿಡಿದು ಕಟ್ಟಿದಾಗ ಅದರ ಸ್ನಾಯುಗಳೇ ಒಳಗಿನಿಂದ ಹಾಳಾಗಲು ಶುರುವಾಗುತ್ತವೆ, ರಕ್ತದಲ್ಲಿ ಆಮ್ಲ ಏರುತ್ತದೆ, ಮೂತ್ರಪಿಂಡ ಕೈಕೊಡುತ್ತದೆ. ಆ ಹೊತ್ತಿಗೆ ಚೆನ್ನಾಗಿ ಕಂಡ ಪ್ರಾಣಿ ಎರಡು ದಿನ ಬಿಟ್ಟು ಸತ್ತಿದ್ದನ್ನು ನೋಡಿದ್ದೇನೆ. ಹತ್ತು ಜನ ಸೇರಿ ಹಗ್ಗ ಹಾಕಿ ‘ರಕ್ಷಣೆ’ ಮಾಡಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದಿದೆಯಲ್ಲ, ಎಷ್ಟೋ ಸಲ ಕೊಲ್ಲುವುದು ಅದೇ.

ಒಂದು ವೇಳೆ ಬಿದ್ದು ಏಳಲಾಗದ ಸ್ಥಿತಿಯಲ್ಲಿ ಸಿಕ್ಕರೆ: ದೂರ ನಿಲ್ಲಿ, ಮಾತು ಬೇಡ. ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಇಲಾಖೆಯವರು ಬಂದ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಬಹುದು, ಕತ್ತಲಾದರೆ ಅರ್ಧ ಗಾಬರಿ ಇಳಿಯುತ್ತದೆ. ಮೆಲುಕು ಹಾಕುವ ಪ್ರಾಣಿಯಾದ್ದರಿಂದ ಅಡ್ಡ ಮಲಗಿಸದೆ ಎದೆ ಊರಿ ಕೂರಿಸಬೇಕು, ಇಲ್ಲವಾದರೆ ಹೊಟ್ಟೆ ಉಬ್ಬುತ್ತದೆ. ಕೊಂಬಿದ್ದರೂ ಇಲ್ಲದಿದ್ದರೂ ಮುಂದೆ ನಿಲ್ಲಬೇಡಿ, ಕಡವೆಯ ಗೊರಸು ಸಾಮಾನ್ಯವಲ್ಲ.

ಕಾಲು ಮುರಿದ ದೊಡ್ಡ ಕಡವೆಗೆ ಪ್ಲಾಸ್ಟರ್ ಹಾಕಿ ಕೂರಿಸುವುದು ಹೆಚ್ಚುಕಡಿಮೆ ಆಗದ ಮಾತು. ಬಿಟ್ಟರೆ ಮೂರು ಕಾಲಲ್ಲಿ ಬದುಕುವುದುಂಟು. ನನ್ನ ಭಯ ಹುಳದ್ದು. ಈ ತೇವಕ್ಕೆ ಗಾಯದಲ್ಲಿ ನೊಣ ಮೊಟ್ಟೆಯಿಟ್ಟರೆ ಕಷ್ಟ.

ಕಲೆ ರಕ್ತವೇ ಎಂದು ನೋಡಲು ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ ಬಿಡಿ. ರಕ್ತವಾದರೆ ಬುಸ್ ಎಂದು ನೊರೆ ಬರುತ್ತದೆ. ಉಂಬಳದ ರಕ್ತಕ್ಕೂ ಬರುತ್ತದೆ ಅಜ್ಜಾ, ನಿಮ್ಮ ಸಮಸ್ಯೆಗೆ ಔಷಧವಿಲ್ಲ.


ಮಲ್ನಾಡ್ ವಕೀಲ
ಬೆಳಿಗ್ಗೆ 11:02

ತೋಟೆ ಮುಟ್ಟದೆ ಬಿಟ್ಟಿದ್ದು ಬಹಳ ಒಳ್ಳೇದಾಯ್ತು, ಮಹಜರಿನಲ್ಲಿ ಬರಲಿ. ವನ್ಯಜೀವಿ ಕಾಯ್ದೆ ಪ್ರಕಾರ ಗಾಯ ಮಾಡೋದೂ ಬೇಟೆಯೇ, ಕೊಲ್ಲಲೇಬೇಕು ಅಂತಿಲ್ಲ. ಸತ್ತು ಸಿಕ್ಕರೆ ಅದು ಸರ್ಕಾರದ ಸ್ವತ್ತು. ಕೊಂಬು, ಚರ್ಮ, ಏನೇ ನಿಮ್ಮ ಕೈಗೆ ಬಂದರೂ 48 ಗಂಟೆಯೊಳಗೆ ಹತ್ತಿರದ ಠಾಣೆಗೋ ಅಧಿಕಾರಿಗೋ ತಿಳಿಸಬೇಕು (39ನೇ ಸೆಕ್ಷನ್). ಸೀಗೆಪುಡಿಯವರ ತೊಡೆಗೂ ಅನ್ವಯ. ಫೋನ್ ಮಾಡಿದ ಸಮಯ ಒಂದು ಚೀಟಿಯಲ್ಲಿ ಬರೆದಿಟ್ಕೊಳ್ಳಿ.


ಬಾಳೂರು ರೋಬಸ್ಟಾ
ರಾತ್ರಿ 9:35

ಇಡೀ ದಿನ ಸಿಗ್ನಲ್ ಇಲ್ಲದ ಕಡೆ ಇದ್ದೆ. ಕ್ರಮವಾಗಿ ಹೇಳ್ತೀನಿ.

ಹನ್ನೆರಡೂವರೆಗೆ ಗಾರ್ಡ್, ಜೊತೆಗೆ ವಾಚರ್ ಬಂದ್ರು. ವಾಚರ್ ಅಂದ್ರೆ ನಮ್ಮೂರವರೇ, ಐವತ್ತು ದಾಟಿದವರು. ಕೊನೇ ಹನಿ ಬಿದ್ದ ಕಡೆ ನನ್ನನ್ನ ನಿಲ್ಲಿಸಿ, ಅಲ್ಲಿಂದ ಅಲುಗಾಡಬೇಡಿ ಸಾರ್ ಅಂದ್ರು. ಮುಂದೆ ತಪ್ಪಿದ್ರೆ ವಾಪಸ್ ಬರೋಕೆ ಒಂದು ಗುರುತು ಬೇಕಲ್ಲ, ಇವತ್ತು ಆ ಗೂಟ ನಾನು. ಮುಕ್ಕಾಲು ಗಂಟೆ ನಿಂತೆ. ನಾಲ್ಕು ಉಂಬಳ ಹತ್ತಿದ್ವು, ಅಜ್ಜನ್ನ ನೆನೆಸ್ಕೊಂಡು ರಕ್ತವನ್ನ ಸಾಕ್ಸಲ್ಲೇ ಒರೆಸ್ಕೊಂಡೆ.

ಜಾಡು ಹಳ್ಳದಲ್ಲಿ ನಿಂತಿದ್ದಲ್ಲ, ನಾವೆಲ್ಲ ಆಚೆ ದಡಕ್ಕೆ ಹೋಗಿದೆ ಅಂತಿದ್ವಿ. ವಾಚರ್ ನೀರಲ್ಲೇ ಇಳಿದು ಕೆಳಗೆ ನಡೆದು ನೋಡಿದ್ರೆ ಅದು ನೀರಲ್ಲೇ ಸ್ವಲ್ಪ ದೂರ ಹೋಗಿ, ವಾಪಸ್ ನಮ್ಮ ದಡಕ್ಕೇ ಹತ್ತಿದೆ. ಕೇದಿಗೆ ಪೊದೆಯೊಳಗೆ ಮಲಗಿದ ಗುರುತು, ಹುಲ್ಲು ಚಪ್ಪಟೆ, ಹೆಪ್ಪುಗಟ್ಟಿದ ರಕ್ತ ಅಂಗೈಯಗಲ. ನಾನು ಬೆಳಿಗ್ಗೆ ನಿಂತು ಫೋನಲ್ಲಿ ನಿಮಗೆ ಬರೀತಿದ್ದ ಜಾಗದಿಂದ ನೂರು ಹೆಜ್ಜೆ ಇಲ್ಲ. ನನ್ನ ಕೆಮ್ಮು ಕೇಳಿಸ್ಕೊಂಡೇ ಮಲಗಿತ್ತು ಅನ್ಸುತ್ತೆ.

ಅಲ್ಲಿರ್ಲಿಲ್ಲ ಆಗ. ನಾಲ್ಕು ಗಂಟೆಗೆ ಪಕ್ಕದ ತೋಟದವರ ಕೆರೇಲಿ ಕಾಣಿಸ್ತು. ಗಂಡು, ಕೊಂಬಿದೆ, ಎದೆಮಟ್ಟ ನೀರಲ್ಲಿ ನಿಂತಿತ್ತು. ಎಡ ಮುಂಗಾಲು. ಮೂಡಿಗೆರೆ ಕಡೆಯಿಂದ ಡಾಕ್ಟ್ರು ಬಂದ್ರು. ಮತ್ತು ಬರೋ ಇಂಜೆಕ್ಷನ್ ಹೊಡೀರಿ ಅಂತ ಸೇರಿದ ಜನ ಒಂದೇ ಸಮ. ಅವರು ಒಪ್ಪಲಿಲ್ಲ. ನೀರಲ್ಲಿದ್ದಾಗ ಮತ್ತು ಹತ್ತಿದ್ರೆ ತಲೆ ಬಾಗುತ್ತೆ, ಮುಳುಗಿ ಸಾಯುತ್ತೆ, ನೀವೇ ಇಳಿದು ಹಿಡ್ಕೋತೀರಾ ಅಂದ್ರು. ಯಾರೂ ಉಸಿರೆತ್ತಲಿಲ್ಲ. ಜನರನ್ನ ಕಳ್ಸಿ, ದಿಬ್ಬದ ಮೇಲೆ ಇಬ್ಬರನ್ನ ಕೂರಿಸಿ ಹೋದ್ರು.

ಹಾಸನದ ಡಾಕ್ಟ್ರೇ, ಒಂದು ಪ್ರಶ್ನೆ. ಫೋನಲ್ಲಿ ದೊಡ್ಡದು ಮಾಡಿ ನೋಡಿದ್ರೆ ಗಂಟಲಿನ ಕೆಳಗೆ ಕೂದಲು ಉದುರಿ ಹಸಿ ಕೆಂಪು ಗಾಯ ಇತ್ತು. ಎರಡನೇ ಗುಂಡು ಅಲ್ಲಿ ತಾಗಿರಬಹುದಾ? ಅಲ್ಲಿದ್ದ ಡಾಕ್ಟ್ರನ್ನ ಕೇಳೋಕೆ ಧೈರ್ಯ ಆಗ್ಲಿಲ್ಲ, ಆಗ್ಲೇ ಸಿಟ್ಟಲ್ಲಿದ್ರು.


ದನದ ಡಾಕ್ಟ್ರು, ಹಾಸನ
ರಾತ್ರಿ 10:15

ಅದು ಗುಂಡಲ್ಲ. ಕಡವೆಗಳಿಗೆ ಕುತ್ತಿಗೆಯ ಅಡಿಯಲ್ಲಿ ಹಾಗೆ ಕೂದಲಿಲ್ಲದ ಹಸಿ ಗಾಯದಂಥ ಜಾಗ ಕಾಣಿಸಿಕೊಳ್ಳುತ್ತದೆ, ಬೆದೆಯ ಕಾಲದಲ್ಲಿ ಹೆಚ್ಚು. ಗ್ರಂಥಿ ಎನ್ನುವವರಿದ್ದಾರೆ, ಹುಳದಿಂದ ಎನ್ನುವವರೂ ಇದ್ದಾರೆ. ನೋಡಿದವರೆಲ್ಲ ಗುಂಡೇಟು ಎಂದೇ ಫೋನ್ ಮಾಡುವುದು.

ಇಂಜೆಕ್ಷನ್ ಹೊಡೆಯದೆ ಬಿಟ್ಟವರು ಸರಿಯಾಗಿಯೇ ಮಾಡಿದ್ದಾರೆ. ಜನರ ಮುಂದೆ ಏನೂ ಮಾಡದೆ ನಿಲ್ಲುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು.


ಬಾಳೂರು ರೋಬಸ್ಟಾ
16 ದಿನದ ನಂತರ

ಕೇಳಿದವರಿಗೆಲ್ಲ ಒಟ್ಟಿಗೆ ಉತ್ತರ. ಆ ರಾತ್ರಿ ಎರಡು ಗಂಟೆ ಹೊತ್ತಿಗೆ ಕೆರೆಯಿಂದ ಎದ್ದು ಕಾಡಿನ ಕಡೆ ಹೋಯ್ತು. ಮಾರನೇ ದಿನದ ಮಳೆಗೆ ಜಾಡು ಪೂರ್ತಿ ತೊಳೆದುಹೋಯ್ತು. ಮಹಜರು ಆಯ್ತು, ತೋಟೆ ತಗೊಂಡ್ರು, ನನ್ನ ಹೇಳಿಕೆಗೆ ಮೂರು ಸಲ ಸಹಿ. ತಲೆಗೇನೂ ಕಟ್ಟಲಿಲ್ಲ. ಹೊಡೆದವರು ಸಿಕ್ಕಿಲ್ಲ. ಊರಲ್ಲಿ ಎಲ್ರಿಗೂ ಗೊತ್ತಿರೋ ಹಾಗಿದೆ, ಹೇಳೋರು ಯಾರೂ ಇಲ್ಲ. ಇಬ್ಬರು ನನ್ನ ಹತ್ರ ಮಾತು ಬಿಟ್ಟಿದ್ದಾರೆ.

ವಾಚರ್ ದಿನಾ ಕಾಗೆ ಕೂಗ್ತಾ ನೋಡಿ ಅಂತಿದ್ರು. ಕೂಗ್ಲಿಲ್ಲ. ಇವತ್ತು ಬೆಳಿಗ್ಗೆ ಗದ್ದೆ ಬದುವಿನ ಕೆಸರಲ್ಲಿ ಗೊರಸು ಸಿಕ್ತು. ಮೂರು, ಮತ್ತೆ ಗೀರು.


ಹೆತ್ತೂರು ಅಜ್ಜ
16 ದಿನದ ನಂತರ

ಗೀರು ಎಷ್ಟುದ್ದ?


ಬಾಳೂರು ರೋಬಸ್ಟಾ
16 ದಿನದ ನಂತರ

ಅವತ್ತು ಒಂದು ಗೇಣಿತ್ತಲ್ಲ. ಈಗ ನಾಲ್ಕು ಬೆರಳು. ಕೆಲವು ಕಡೆ ಇಲ್ಲವೇ ಇಲ್ಲ.


ಹೆತ್ತೂರು ಅಜ್ಜ
16 ದಿನದ ನಂತರ

ಹಾಗಾದ್ರೆ ಕಾಲೆತ್ತಿ ನಡೆಯೋದು ಕಲ್ತಿದೆ. ಬೇಲಿ ಹಾರೋಕಾಗಲ್ಲ ಅದಕ್ಕಿನ್ನು. ಜಗ್ಗಿದ ಕಡೆ ತಂತಿ ಬಿಗಿಯೋಕೆ ಹೋಗ್ಬೇಡ, ಬಿಚ್ಚಿಬಿಡು.


ಬಾಳೂರು ರೋಬಸ್ಟಾ
16 ದಿನದ ನಂತರ

ಅವತ್ತೇ ಬಿಚ್ಚಿದ್ದೆ ಅಜ್ಜಾ. ಹಂದಿನೂ ಅದೇ ಕಂಡಿಯಲ್ಲಿ ನುಗ್ತಿದೆ, ಎರಡು ಮಡಿ ಭತ್ತ ಹೋಯ್ತು.